ಕೂಳೆ

ಮೂರು ಚಳಿಗೊಮ್ಮೆ ಈ ಹೊಲಕ್ಕೆ ಬರುವವನು ನಾನು,
ಕಟಾವು ಯಂತ್ರದವನು.
ಸ್ವೀಡನ್ನಿನ ನೆಲ ಕಲ್ಲಾದ ಮೇಲೇ ಕರೆ:
‘ಇಂಡ್ರೆಕ್, ಎಲೆ ಉದುರಿತು.
ಜೌಗು ಈಗ ನಿನ್ನ ಭಾರ ತಡೆದೀತು.’

ಮೊದಲ ಸಲ ಬಂದಾಗ,
ಓಟ್ಸ್ ಕೊಳೆಯುತ್ತಿದ್ದ ತಗ್ಗಿನಲ್ಲಿ ಗುನ್‌ವೋರ್
ಗೇಣುದ್ದದ ಕಡ್ಡಿ ಊರಿ ವರ್ಷವಾಗಿತ್ತು ಅಷ್ಟೆ.
ಆಳೆತ್ತರ ನಿಂತಿತ್ತು ವಿಲ್ಲೋ.
‘ಬುಡಕ್ಕೆ ಸವರು’ ಅಂದಳು.
ಬೇಲಿಯಾಚೆ ಸಿಕ್ಸ್ಟೆನ್ ನಕ್ಕ:
ಕೂಸಿನ ಕತ್ತು ಕುಯ್ಯುವ ಬೇಸಾಯ!
ಅವಳು ಕಾಫಿ ಬಗ್ಗಿಸುತ್ತ,
‘ಒಂಟಿ ಕಡ್ಡಿ ಏನಕ್ಕೂ ಸಾಲದು.
ಬೆಳೆ ಇರುವುದು ಕೂಳೆಯಲ್ಲಿ.’

ಮುಂದಿನ ಸಲ ಬುಡಕ್ಕೆ ಹತ್ತೋ ಹನ್ನೆರಡೋ ಕವಲು,
ಯಂತ್ರದ ಬಾಯಿಗೆ ನಿಂತಂತೇ ನಡೆದು ಬಂದವು.
ಮೊಲಗಳು ಚೆಲ್ಲಾಪಿಲ್ಲಿ.
ಟ್ರೇಲರಿನಲ್ಲಿ ಚೂರಿನ ರಾಶಿ ಹಬೆಯಾಡಿತು,
ತಲೆನೋವಿನ ಮಾತ್ರೆಯ ಕಹಿ ವಾಸನೆ.
ಅಲ್ಲಿಂದ ನೇರ ಪೇಟೆಯ ಬಾಯ್ಲರಿಗೆ.

ನನ್ನ ಲೆಕ್ಕದಲ್ಲಿ ಈ ಮನೆಗೆ ನಡುವಿನ ದಿನಗಳಿಲ್ಲ.
ಒಂದು ಕಟಾವಿಗೆ ನಾಯಿ ಕರಿಯದು,
ಮರು ಕಟಾವಿಗೆ ಕಂದು.
ಮಗಳ ಹಲ್ಲು ಬಿತ್ತು, ಬಂತು,
ತಂತಿ ಕಟ್ಟಿತು, ಬಿಚ್ಚಿತು;
ಈ ಸಲ ಟ್ರ್ಯಾಕ್ಟರ್ ಅವಳದೇ.
ಸಿಕ್ಸ್ಟೆನ್ನನ ಹೊಲದಲ್ಲೂ ವಿಲ್ಲೋ.
ಅವನೀಗ ನಗುವುದಿಲ್ಲ,
ಬಾಡಿಗೆಗೆ ಚೌಕಾಸಿ ಮಾಡುತ್ತಾನೆ.

ನಿನ್ನೆ ಕೆಲಸ ಮುಗಿಸಿ
ಪೇಟೆಯ ಈಜುಕೊಳಕ್ಕೆ ಹೋದೆ.
ಗಾಜಿನಾಚೆ ಮೈನಸ್ ಹದಿನೆಂಟು.
ರಬ್ಬರಿನ ಹೂಟೋಪಿ ತೊಟ್ಟ ಮುದುಕಿಯರು
ಆಲೂಗಡ್ಡೆಯ ಬೆಲೆ ಮಾತಾಡುತ್ತ ತೇಲುತ್ತಿದ್ದರು.
ಬೆರಳಿನ ಮರಗಟ್ಟು ಬಿಡುವವರೆಗೂ
ಕತ್ತುಮಟ್ಟ ಮುಳುಗಿ ಕೂತಿದ್ದೆ,
ಗುನ್‌ವೋರಳ ತಗ್ಗಿನಲ್ಲಿ.