ಪರದೆ

ಅಪ್ಪನ ಸ್ಟುಡಿಯೋದಲ್ಲಿ ಒಂದು ಸರೋವರವಿತ್ತು.
ಹತ್ತಡಿ ಅಗಲ, ಎಂಟಡಿ ಎತ್ತರ.
ಹುಬ್ಬಳ್ಳಿಯ ಪೇಂಟರ್ ಮೌಲಾಸಾಬ ಬರೆದದ್ದು:
ತಾನೆಂದೂ ಕಾಣದ ಹಿಮದ ಬೆಟ್ಟ,
ಕುಂಕುಮದ ಭರಣಿ ಉರುಳಿದಂಥ ಮರಗಳು,
ಉಳಿದ ಬಿಳಿಬಣ್ಣ ಒಣಗಿ ಹೋಗದಿರಲೆಂದು
ಒಂದು ಹಂಸ.

ಸಾಗರದ ಅರ್ಧ ಊರು ಅದರೆದುರು ನಿಂತಿದೆ.
ಮದುವೆಯ ಮೂರನೇ ದಿನದ ಜೋಡಿಗಳು,
ಎಸ್ಸೆಸ್ಸೆಲ್ಸಿ ಮುಗಿಸಿದ ಗೆಳತಿಯರು,
ಕೆನ್ನೆಗೆ ಕಾಡಿಗೆ ಬೊಟ್ಟಿನ ಕೂಸುಗಳು.
ಪಾಸ್‌ಪೋರ್ಟ್ ಸೈಜಿನವರು ಬಂದರೆ ಮಾತ್ರ
ಬೆಟ್ಟ ನೀರು ಎಲ್ಲದರ ಮೇಲೂ ಬಿಳಿ ಪಂಚೆ.
ಸ್ಟೂಲಿನ ಮೇಲೆ ಕೂತು ಒರಗಿ ಒರಗಿ
ನೀರಿನ ನಟ್ಟನಡುವೆ
ಕೊಬ್ಬರಿ ಎಣ್ಣೆಯ ಕಲೆಯೊಂದು ಮೂಡಿ
ವರ್ಷ ವರ್ಷ ಅಗಲವಾಗುತ್ತಿತ್ತು.

"ಪರದೆ ಚೆಂದ ಇರಬೇಕು ಕಣೇ,
ಆದರೆ ಯಾರೂ ಅದನ್ನ ನೋಡಬಾರದು"
ಅನ್ನುತ್ತಿದ್ದರು ಅಪ್ಪ.

ಅಪ್ಪ ಹೋದರು. ಶಟರ್ ಎಳೆದೆ.
ಸುತ್ತಿಟ್ಟ ಸರೋವರ ಅಟ್ಟ ಸೇರಿದ ಮೇಲೆ
ಮನುಷ್ಯರಿಲ್ಲದ ಚಿತ್ರ ತೆಗೆಯಲು ಹೊರಟೆ.

ಆಶ್ವೀಜ. ಮಳೆ ಕೊಡೆ ಮಡಚಿ ಮೂಲೆಗಿಟ್ಟ ತಿಂಗಳು.
ಆವಿನಹಳ್ಳಿ ದಾಟುವ ಸಂಜೆ ಬಸ್ಸಿನ ಕಿಟಕಿಗೆ
ಮೂಗೊತ್ತಿ ಹುಡುಕಿದೆ, ಒಂದಾದರೂ ಕೆಂಪೆಲೆ.
ಎಲ್ಲ ಹಸಿರೇ. ಹೊಳೆವ ಹಸಿರು, ಗಂಟುಮೋರೆಯ ಹಸಿರು,
ಗುಡ್ಡದ ಕರಡ ಮಾತ್ರ ತುದಿಯಲ್ಲಿ ನರೆಯತೊಡಗಿತ್ತು.
ನಮ್ಮ ಕಾಡು ಕೆಂಪಾಗುವುದು ಉದುರುವಾಗಲ್ಲ,
ಚಿಗುರುವಾಗ, ಅದೂ ಫಾಲ್ಗುಣಕ್ಕೆ.
ಮೌಲಾಸಾಬನಿಗೆ ಯಾರೂ ಹೇಳಿರಲಿಲ್ಲ.

ಮಾರನೆಯ ನಸುಕು, ಹೊಳೆಬಾಗಿಲಿಗೆ ಈಚೆ
ಟ್ರೈಪಾಡ್ ನೆಟ್ಟು ನಿಂತೆ.
ಲೆನ್ಸಿಗೆ ಆವಿ. ದುಪಟ್ಟಾದಲ್ಲಿ ಒರೆಸಿದರೆ ಮತ್ತೆ ಆವಿ.
ಶರಾವತಿ ಅಲ್ಲಿ ಹರಿಯುವುದಿಲ್ಲ, ತುಂಬಿ ಕೂತಿದೆ,
ಗುಡ್ಡಗಳು ಮೊಣಕಾಲುದ್ದ ನೀರಿನಲ್ಲಿ;
ಕೊಡಚಾದ್ರಿ ಇರಬಹುದಾದ ದಿಕ್ಕಿಗೆ ಬರೀ ಮಂಜು,
ಬತ್ತಲೆ ಮರವೊಂದರ ತುದಿ, ಅದರ ಮೇಲೆ
ರೆಕ್ಕೆ ಒಣಗಿಸುವ ನೀರುಕಾಗೆ.
ನೂರಾ ಹನ್ನೆರಡು ಚಿತ್ರ. ಪ್ರತಿಯೊಂದೂ ಸರಿ.
ಪ್ರತಿಯೊಂದರಲ್ಲೂ ನನ್ನ ಕಣ್ಣು
ಆ ಎಣ್ಣೆಕಲೆ ಹುಡುಕುತ್ತಿತ್ತು.

ಅವತ್ತು ಭೂಮಿಹುಣ್ಣಿಮೆಯೆಂದು ಗೊತ್ತಿರಲಿಲ್ಲ.
ಬೆನ್ನ ಹಿಂದೆ, ಗದ್ದೆಯಲ್ಲಿ, ಕೂ ಎಂಬ ಕೂಗು.
ಚಿತ್ತಾರದ ಬುಟ್ಟಿ ಹೊತ್ತ ಮಗ, ಅವನ ಹಿಂದೆ
ಗುತ್ಯಮ್ಮ.
ಬಸುರಿ ಗದ್ದೆಗೆ ಬಯಕೆಯೂಟ ಬಡಿಸಿ
ಉಳಿದ ಸೌತೆಕಾಯಿ ಕಡುಬು ನನ್ನ ಕೈಗಿಟ್ಟಳು.
"ಬರೀ ನೀರು ಹೊಡೀತೀಯಲ್ಲ ಮಗಾ, ನಂದೊಂದು ಹೊಡಿ."

ಸೂರ್ಯ ಆಗಷ್ಟೇ ನೀರಿನಾಚೆ ಏರಿದ್ದ,
ತಲೆಗೂದಲ ಅಂಚಿಗೆ ಬೆಳ್ಳಿಗೆರೆ ಸಿಗುತ್ತಿತ್ತು.
"ಇಲ್ಲಿ ನಿಲ್ಲಿ ಅಜ್ಜಿ, ಹಿಂದೆ ಹೊಳೆ ಬರಲಿ" ಎಂದೆ
ಥೇಟ್ ಅಪ್ಪನ ಹಾಗೆ, ಗಲ್ಲ ತುಸು ಎತ್ತಿಸಿ.
ಅವಳು ತಿರುಗಿಯೇ ಬಿಟ್ಟಳು.
"ಅದರ ಅಡಿಗೆ ನಮ್ಮವ್ವನ ಗದ್ದೆ ಐತೆ.
ಹಬ್ಬದ ದಿನ ಅದಕ್ಕೆ ಬೆನ್ನು ಹಾಕಿ
ನಿಂತ್ಕಳದಿಲ್ಲ ನಾನು."

ನಾನೇ ಇಳಿದೆ, ದಡದ ಕೆಸರಿಗೆ.
ಒಂದು ಚಪ್ಪಲಿ ಒಳಗೇ ಉಳಿಯಿತು.
ಹೊಳೆಗೆ ಬೆನ್ನು ಹಾಕಿದವಳು ನಾನು.
ಚಿತ್ರದಲ್ಲಿ ನೀರಿಲ್ಲ:
ಹಾಲುಗಟ್ಟಿದ ತೆನೆ, ಬಾಳೆಲೆ ಎಳೆದಾಡುವ ಕಾಗೆ,
ಕಣ್ಣು ಕಿರಿದು ಮಾಡಿ ನನ್ನನ್ನು ದಾಟಿ ನೋಡುವ ಗುತ್ಯಮ್ಮ.

ಮುಖದ ನೆರಳು ಕಳೆಯಲು ಅಪ್ಪ
ನನ್ನ ಕೈಲಿ ಥರ್ಮಕೋಲು ಹಿಡಿಸುತ್ತಿದ್ದರು.
ಕೈ ಸೋತು ಅಲುಗಿದರೆ ಬೈಗುಳ.
ಇಲ್ಲಿ ಆ ಕೆಲಸ ಹೊಳೆಯದು;
ಗಲ್ಲದ ಕೆಳಗೆ, ಕುತ್ತಿಗೆಯ ಸುಕ್ಕುಗಳಲ್ಲಿ
ಬೆಳಕು ಅಲುಗಿತು, ಅಲುಗುತ್ತಲೇ ಇತ್ತು,
ಬೈಯುವವರಿರಲಿಲ್ಲ.

"ಎಷ್ಟಾತು?" ಅಂದಳು.
"ಎರಡು ಕಾಪಿ, ಇಪ್ಪತ್ತು." ಅಪ್ಪನ ಹಳೆಯ ರೇಟು.
ಎಲೆಯಡಿಕೆ ಚೀಲದಿಂದ ಎಣಿಸಿ ಕೊಟ್ಟಳು.
"ಫಾಲ್ಗುಣದಾಗೆ ತಗಂಡು ಬಾ. ನೀರು ಇಳಿದಿರ್ತೈತೆ,
ಗದ್ದೆ ಬದು ಕಾಣ್ತೈತೆ, ತೋರಿಸ್ತೀನಿ.
ನಿನ್ನ ಚಪ್ಪಲಿನೂ ಸಿಕ್ರೆ ಸಿಗ್ಬೋದು."