ಪ್ರತಿ ಇಲ್ಲ

ಕೂತರೆ ಸೊಂಟ ಬಿಡುವುದಿಲ್ಲ,
ಹಾಗಾಗಿ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು
ನಿಂತೇ ಬರೆದೆ ಈ ಆ್ಯಪನ್ನು,
ಕೋಡಿಬಾಗದಲ್ಲಿ, ಬಲೆ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ.
ಕೆಳಗಿನಿಂದ ದಿನವಿಡೀ ನೈಲಾನ್ ದಾರ ಸುಟ್ಟ ವಾಸನೆ.

ಮೊದಲು ಒಂದರಿಂದ ಹತ್ತು ಅಂತ ಗೆರೆ ಎಳೆದಿದ್ದೆ,
ಎಲ್ಲರೂ ಎಳೆಯುವ ಹಾಗೆ.
ಶೆವಂತಿ ತಾಂಡೇಲ ಬೆರಳಿಟ್ಟು
ಆಚೆ ಈಚೆ ಸರಿಸಿ ನೋಡಿದಳು:
"ಏಳು ಅಂದ್ರೆ ಎಂಥದು? ಏಳು ಬಂಗಡೆಯಾ?"

ಆಮೇಲೆ ಅವಳು ಹೇಳುತ್ತ ಹೋದಳು,
ನಾನು ಗುಂಡಿ ಮಾಡುತ್ತ ಹೋದೆ.
ಚಳುಕು. ಸೆಳೆತ. ಜೋಮು. ಉರಿ.
ದಿನವಿಡೀ ಐಸು ಮುಟ್ಟಿದ ರಾತ್ರಿ
ಬೆರಳ ಗಿಣ್ಣಿನೊಳಗೆ ಬರುವುದು ಇನ್ನೊಂದಿದೆಯಂತೆ,
ಅದಕ್ಕೆ ಹೆಸರಿಲ್ಲ.
ಖಾಲಿ ಗುಂಡಿ ಇಟ್ಟೆ.

"ಇದು ಯಾರಿಗೆಲ್ಲ ಹೇಳ್ತದೆ?"
ಯಾರಿಗೂ ಇಲ್ಲ.
"ಸೂಪರ್‌ವೈಸರಿಗೆ?" ಇಲ್ಲ.
"ನಮ್ಮನೆಯವರಿಗೆ?" ಇಲ್ಲ.
"ನಿಂಗೆ?"
ನನಗೂ ಇಲ್ಲ.
ಕಿವಿರು ಎತ್ತಿ ಮೀನು ತಾಜಾವೋ ಅಂತ ನೋಡುವ ಹಾಗೆ
ನನ್ನ ಮುಖ ನೋಡಿದಳು.

ಸಿಗಡಿ ಸುಲಿಯುವ ಶೆಡ್ಡಿನಲ್ಲಿ
ಬೆರಳು ನೋಯುತ್ತದೆ ಅಂದವಳಿಗೆ
ಮರುದಿನ ಬುಟ್ಟಿ ಇರುವುದಿಲ್ಲ.
ಅದಕ್ಕೇ ಸರ್ವರ್ ಇಲ್ಲ, ಖಾತೆ ಇಲ್ಲ, ಓಟಿಪಿ ಇಲ್ಲ;
ಬೈತಖೋಲದ ಗುಡ್ಡದ ಮರೆಯಲ್ಲಿ ಸಿಗ್ನಲ್ ಸತ್ತರೂ
ಅದರ ಪಾಡಿಗೆ ಅದು ಬರೆದುಕೊಳ್ಳುತ್ತದೆ.
ಹೆಮ್ಮೆಯಿತ್ತು ನನಗೆ.

ಜನವರಿಯಲ್ಲಿ, ಧಕ್ಕೆಯಲ್ಲಿ,
ಬುಟ್ಟಿ ಎತ್ತುವಾಗ ಸೊಂಟದಿಂದ ಜಾರಿ
ಫೋನು ನೀರಿಗೆ ಬಿತ್ತು.
ನಾಲ್ಕು ತಿಂಗಳ ನೋವು
ಡೀಸೆಲ್ ಬಣ್ಣದ ನೀರಿನ ತಳದಲ್ಲಿ.
ಡಾಕ್ಟರ ದಿನಕ್ಕೆ ಒಂಬತ್ತೇ ದಿನ ಬಾಕಿ.

ತಪ್ಪೊಪ್ಪಿಕೊಳ್ಳಲು ಹೋದೆ.
ಬ್ಯಾಕಪ್ ಎಂಬ ಮಾತು ಗಂಟಲಲ್ಲಿ ಮುಳ್ಳು.
ಅವಳು ಎಡಗೈಯಲ್ಲಿ ಮೀನು ಕೊಯ್ಯುತ್ತಿದ್ದಳು,
ಬಲಗೈಗೆ ಆವತ್ತು ರಜೆ.
"ಬರ್ಕೊ," ಅಂದಳು.

ಚೌತಿಯ ಮರುದಿನ ಜೋಮು.
ಅಮಾವಾಸ್ಯೆಯ ದೊಡ್ಡ ಭರತಕ್ಕೆ ಗಿಣ್ಣು.
ಬೋಟು ಹೋಗದ ಮೂರು ದಿನ ಏನೂ ಇಲ್ಲ,
ನಾಲ್ಕನೆಯ ದಿನ ಎಲ್ಲ ಒಟ್ಟಿಗೆ, ಸಾಲ ಕೇಳಲು ಬಂದವರ ಹಾಗೆ.
ದೀಪಾವಳಿಗೆ ಮಗಳ ತಲೆ ಬಾಚಲಾಗಲಿಲ್ಲ.
ಕರೆಂಟ್ ಬಿಲ್ಲಿನ ಹಿಂಬದಿ ಸಾಲದೆ
ಅಂಚಿನಲ್ಲೂ ಬರೆದೆ.

ಇಷ್ಟು ನೆನಪಿದ್ದ ಮೇಲೆ
ಆ್ಯಪು ಎಂತಕ್ಕೆ ಬೇಕಿತ್ತು ನಿಮಗೆ?

ಕತ್ತಿ ನಿಂತಿತು.
"ರಾತ್ರಿ ಹೇಳ್ಲಿಕ್ಕೆ ಒಬ್ರು ಬೇಕಲ್ಲ ತಂಗಿ,
ಕೇಳಿ ಸುಮ್ನಿರೋರು."

ಈಗ ಹೊಸ ಫೋನು. ಒಂದು ಪ್ರತಿ ಕಾರ್ಡಿನಲ್ಲಿ,
ಬೀಗದ ಪದ ಅವಳದು,
ಕಾರ್ಡು ಎಲ್ಲಿದೆಯೋ ನಾನು ಕೇಳಿಲ್ಲ.
ಆ ಖಾಲಿ ಗುಂಡಿಗೆ
ಕೊನೆಗೂ ಒಂದು ಹೆಸರು ಬರೆದಿದ್ದಾಳಂತೆ.

ನನಗೆ ಕಾಣುವುದಿಲ್ಲ.
ಹಾಗೇ ಕಟ್ಟಿದ್ದೇನೆ.