ಹೆಪ್ಪು

ತೆಳುನೀಲಿ ಮುಚ್ಚಳದ ಟ್ಯೂಬು. ಗೆರೆಯವರೆಗೆ ತುಂಬಬೇಕು,
ಒಂದು ಹನಿ ಕಡಿಮೆಯಾದರೂ ಲೆಕ್ಕ ಸುಳ್ಳು ಹೇಳುತ್ತದೆ.
ಗುರುವಾರ ಬೆಳಿಗ್ಗೆ ಏಳಕ್ಕೆ ಮಯ್ಯದ್ದಿ ಬಂದು
ತೋಳು ಮಡಚಿ ಕೂರುತ್ತಾರೆ.
ಮತ್ರಾದ ಸೂಕಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ
ದಿಶ್ದಾಶ ಹೊಲಿಯುವವರು,
ಕುಮ್ಮಾ ಟೋಪಿಗೆ ಸೂಜಿಯಿಂದ ಸಣ್ಣ ಸಣ್ಣ ಕಣ್ಣು ತೆರೆಯುವವರು.
"ಬಾಯೀ, ಮೆಲ್ಲ ಚುಚ್ಚಿ" ಅನ್ನುತ್ತಾರೆ.

ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ,
ನಡುವೆ ಶಾಲೆಯ ಕನ್ನಡ.

ಶರ್ಟಿನೊಳಗಿಂದ ಟಿಕ್, ಟಿಕ್.
ಹೊಸ ಕವಾಟದ ಮೊದಲ ರಾತ್ರಿ ರೂಮಿನ ಏಳು ಜನ
ದಿಂಬಿನಡಿ, ಪೆಟ್ಟಿಗೆಯೊಳಗೆ ಗಡಿಯಾರ ಹುಡುಕಿದರಂತೆ.
ಸಿಲ್ಹೆಟ್ಟಿನ ಮಿಸ್ಬಾ ಲೈಟು ಹಾಕಿ
"ಯಾರದಿದು, ನಿಲ್ಲಿಸಿ ಮಲಗಿ" ಅಂದನಂತೆ.
ಇವರು ಕಂಬಳಿಯೊಳಗೇ ನಕ್ಕು
"ನಿಲ್ಲಿಸಿದರೆ ಕಷ್ಟ" ಅಂದರಂತೆ.

ಯಂತ್ರದಲ್ಲಿ ಗಿರಗಿರ ತಿರುಗಿ ಕೆಂಪು ತಳಕ್ಕಿಳಿಯುತ್ತದೆ,
ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ಅದಕ್ಕೊಂದು ತೊಟ್ಟು ದ್ರಾವಣ, ಆಮೇಲೆ ಸೆಕೆಂಡುಗಳು.
ನನ್ನದು ಹನ್ನೆರಡಕ್ಕೆ ಕಟ್ಟುತ್ತದೆ.
ಇವರದು ಮೂವತ್ತು ದಾಟಬೇಕು, ನಲವತ್ತೆರಡು ದಾಟಬಾರದು.
ಕಾಗದದ ಮೇಲೆ ಅದು ಎರಡೂವರೆಯಿಂದ ಮೂರೂವರೆ.
ಡಾಕ್ಟರು ಅರಬಿಯಲ್ಲಿ, ಇಂಗ್ಲಿಷಿನಲ್ಲಿ,
ಹರುಕು ಹಿಂದಿಯಲ್ಲಿ ವಿವರಿಸಿ ಸೋತಾಗ
ಮಯ್ಯದ್ದಿ ತಮ್ಮ ಕೊರಳಿಗೇ ಬೆರಳಿಟ್ಟು ತೋರಿಸಿದರು:
"ಕಾಲರಿನ ಹಾಗೆ. ಎರಡು ಬೆರಳು ಹೋಗಬೇಕು, ಮೂರು ಹೋಗಬಾರದು.
ಬಿಗಿಯಾದರೆ ಉಸಿರು, ಸಡಿಲಾದರೆ ಮಾನ."

ಹಾಲಿಗೂ ನೆತ್ತರಿಗೂ ಕನ್ನಡದಲ್ಲಿ ಒಂದೇ ಮಾತು.
ಶಿರ್ವದಲ್ಲಿ ಲೋಟ ಹಿಡಿದು
ಆಚೆಮನೆಗೆ ಹೆಪ್ಪು ಕೇಳಲು ಹೋಗುತ್ತಿದ್ದವಳು ನಾನು.
ಇಲ್ಲಿ ಜೂನಿನಲ್ಲಿ ಹಾಲು ಮೂರು ತಾಸಿಗೆ ಮೊಸರು, ಐದಕ್ಕೆ ಹುಳಿ.
ನೆತ್ತರು ಯಾರನ್ನೂ ಕೇಳುವುದಿಲ್ಲ.
ಎದೆಯಲ್ಲಿ ಪರಕೀಯ ಕದವೊಂದು ಕಂಡರೆ ಸಾಕು,
ಹೊಸ್ತಿಲಲ್ಲಿ ಚಿಟಿಕೆಯಷ್ಟು ಗಟ್ಟಿಯಾಗಿ ಕೂತು,
ಒಂದು ದಿನ ತಲೆಯ ಕಡೆ ಹೊರಡುತ್ತದೆ.
ಮಾತು ಹೋಗಬಹುದು, ಇಲ್ಲವೇ ಬಲಗೈ.

ಹೋದ ವರ್ಷ ನಾಲ್ಕೂ ಎಂಟಕ್ಕೆ ಏರಿತ್ತು.
ಸೂಜಿ ತಾಗಿದ ಬೆರಳು
ಅಸರಿನಿಂದ ಮಗ್ರಿಬಿನವರೆಗೆ ನಿಲ್ಲಲಿಲ್ಲ.
ಗಿರಾಕಿಗೆ ಬೇರೆ ಟೋಪಿ ಹೊಲಿದು ಕೊಟ್ಟು
ಕಲೆಯದನ್ನು ತಾವೇ ಇಟ್ಟುಕೊಂಡರು.
ಈಗಲೂ ಅದೇ ತಲೆಯ ಮೇಲೆ,
ಎಡಗಿವಿಯ ಹತ್ತಿರ ಎಳ್ಳಿನಷ್ಟು ಕಂದು.

ಏಪ್ರಿಲಿನಲ್ಲೊಂದು ಗುರುವಾರ ಒಂದೂ ನಾಲ್ಕು.
ಮತ್ತೆ ಮಾಡಿದೆ. ಒಂದೂ ನಾಲ್ಕು.
"ಗುಳಿಗೆ ಬಿಟ್ಟಿರಾ?"
"ಅಲ್ಲಾಹನಾಣೆ ಇಲ್ಲ. ಐದರ ಗುಲಾಬಿ, ಒಂದರ ಕಂದು,
ಇಶಾ ಆದ ಮೇಲೆ, ದಿನಾ."
"ಮತ್ತೇನು ತಿಂದಿರಿ?"
ಬೀಡಿಯೊಂದಿಗೆ ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ತಗ್ಗಿಸಿದರು.

ತಾರಸಿಯಲ್ಲಿ, ಎಸಿ ನೀರು ತೊಟ್ಟಿಕ್ಕುವಲ್ಲಿ,
ಪೇಂಟಿನ ಡಬ್ಬಿಯಲ್ಲಿ ಬಸಳೆ.
ಉಪ್ಪಿನಂಗಡಿಯಿಂದ ಯಾರೋ ಒದ್ದೆಬಟ್ಟೆ ಸುತ್ತಿ ತಂದ ದಂಟು
ಡಿಶ್ಶಿನ ಕಾಲಿಗೆ ಹಬ್ಬಿ, ರೂಮಿನವರ ಸೀರಿಯಲ್ಲು ಕೆಡಿಸಿ,
ಅಂಗೈಯಗಲ ಎಲೆ ಬಿಟ್ಟಿತ್ತು.
ಒಣಸಿಗಡಿ ಹಾಕಿ ಸಾರು,
ಒಂಬತ್ತು ದಿನ, ಮಧ್ಯಾಹ್ನವೂ ರಾತ್ರಿಯೂ.
"ಸೊಪ್ಪಲ್ಲವಾ ಬಾಯೀ, ಸೊಪ್ಪು ಏನು ಮಾಡುತ್ತದೆ?"
ಸೊಪ್ಪೇ ಮಾಡುವುದು. ಗುಳಿಗೆ ಬಿಚ್ಚಿದ ಹೊಲಿಗೆಯನ್ನು
ಕೂತು ಮತ್ತೆ ಹಾಕುತ್ತದೆ.

ಡಾಕ್ಟರು ಬೈದರು. ಹೊಟ್ಟೆಗೆ ಆರು ದಿನ ಸೂಜಿ.
ಕಿತ್ತೆಸೆಯಲು ಹೊರಟವರಿಗೆ ಅವರೇ ಹೇಳಿದ್ದು:
ಬಿಡುವುದು ಬೇಡ, ಅಳತೆಯಿರಲಿ.
ವಾರಕ್ಕೆರಡು ಸಲ, ಅದೇ ಬಟ್ಟಲು, ಅಷ್ಟೇ.
ಅಳತೆ ಅಂದದ್ದೇ ಇವರ ಮುಖ ಅರಳಿತು.
ಸ್ಟೀಲ್ ಬಟ್ಟಲಿನ ನಡುವಿಗೆ ಈಗ ಕಪ್ಪು ನೂಲು ಕಟ್ಟಿದ್ದಾರಂತೆ,
ಗಂಟು ಒಳಗೆ ಬರದ ಹಾಗೆ.

ಈ ಗುರುವಾರ ಎರಡೂ ಏಳು.
ಹತ್ತಿ ಒತ್ತಿ ಹಿಡಿದು ಐದು ನಿಮಿಷ ಕೂತರು.
ಏಳುವಾಗ ಚೀಲದಿಂದ ಡಬ್ಬಿಯೊಂದು ತೆಗೆದು
ನನ್ನ ಟ್ಯೂಬುಗಳ ಪಕ್ಕ ಇಟ್ಟರು, ಇನ್ನೂ ಬಿಸಿ.
"ನೂಲಿನಿಂದ ಮೇಲೆ ಉಳಿದದ್ದು ಬಾಯೀ.
ನಿಮ್ಮದು ಹನ್ನೆರಡಲ್ಲವಾ,
ತಿನ್ನಿ."